ಬೈನೆ ಮರಕ್ಕೆ ಬಚ್ಚಲ ನೀರು

ಬೈನೆ ಮರಕ್ಕೆ ನೀರು ಹಾಕಿದವರು ನಮ್ಮ ಊರಿನಲ್ಲಿ ನಾನೊಬ್ಬಳೇ. ಗುತ್ತಿಗಾರಿನ ಕಡೆಯ ಹಳಬರಿಗೆ ಇದನ್ನು ಹೇಳಿದರೆ ಈಗಲೂ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಬೈನೆ ತಾಳೆಯ ಜಾತಿಯದು, ಯಾರೂ ನೆಟ್ಟು ಬೆಳೆಸುವ ಮರವಲ್ಲ. ಪುನುಗಿನ ಬೆಕ್ಕು ಹಣ್ಣು ತಿಂದು ಬೀಜವನ್ನು ಎಲ್ಲಿ ಉದುರಿಸಿತೋ ಅಲ್ಲಿ ಹುಟ್ಟುತ್ತದೆ, ಕಾಡಿನ ಅಂಚಿನಲ್ಲಿ ತನ್ನ ಪಾಡಿಗೆ ಎತ್ತರವಾಗುತ್ತದೆ. ಆನೆಯ ಕಣ್ಣಿಗೆ ಬಿದ್ದರೆ ಆನೆಯ ಪಾಲು, ಬೀಳದಿದ್ದರೆ ನಮ್ಮಂಥವರ ಪಾಲು. ಅಂಥದ್ದಕ್ಕೆ ನೀರು ಹಾಕುವುದೆಂದರೆ ಹೊಳೆಗೆ ಕೊಡ ಹೊತ್ತುಕೊಂಡು ಹೋಗಿ ಸುರಿದಂತೆ. ನಾನು ಅದನ್ನು ಪಿಯುಸಿ ಓದಿದ ಮೇಲೆ ಮಾಡಿದೆ. ಓದದಿದ್ದರೆ ಮಾಡುತ್ತಿರಲಿಲ್ಲ.

ಅಪ್ಪನದು ಮೂರ್ತೆಯ ಕೆಲಸ. ಮರ ಹತ್ತಿ, ಹೂಗೊನೆಯನ್ನು ಎಲುಬಿನಿಂದ ಮೆಲ್ಲಗೆ ಬಡಿದು ಹದ ಮಾಡಿ, ತುದಿಯನ್ನು ಬೆಳಿಗ್ಗೆ ಸಂಜೆ ಕೆತ್ತಿ ರಸ ಇಳಿಸುವುದು. ನನಗೆ ಬುದ್ಧಿ ಬರುವ ಹೊತ್ತಿಗೆ ಸರಕಾರ ಶೇಂದಿಯನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಸಿಹಿ ರಸ ಇಳಿಸಿ ಬೆಲ್ಲ ಕಾಯಿಸುವುದಕ್ಕೆ ಮಾತ್ರ ಪರವಾನಗಿ ಇತ್ತು. ಅದಕ್ಕೊಂದು ಕಟ್ಟು: ಮರಕ್ಕೆ ಕಟ್ಟುವ ಮಡಕೆಯ ಒಳಗೆ ಸುಣ್ಣ ಬಳಿದಿರಬೇಕು. ಸುಣ್ಣ ಇದ್ದರೆ ರಸ ಹುಳಿಯಾಗುವುದಿಲ್ಲ, ಹುಳಿಯಾಗದಿದ್ದರೆ ಅದು ಶೇಂದಿಯಲ್ಲ. ಸುಣ್ಣ ಕಡಿಮೆಯಾದರೆ ರಸ ನೊರೆಯೇಳುತ್ತದೆ, ಹೆಚ್ಚಾದರೆ ಬೆಲ್ಲ ಕಪ್ಪಾಗಿ ಗಂಟಲು ಕೆರೆಯುತ್ತದೆ. ಈ ಎರಡರ ನಡುವಿನ ಹದ ಅಪ್ಪನ ಬೆರಳಿನಲ್ಲಿತ್ತು. ಇಂದು ರಸ ಎಷ್ಟು ಇಳಿಯಬಹುದು ಎಂದು ಮೊದಲೇ ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟೇ ಸುಣ್ಣ ಬಳಿಯುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಂದು ಮಡಕೆಯೂ ಹುಳಿಯಾಗಿರಲಿಲ್ಲ. ಅಪ್ಪನಿಗೆ ಹೆಮ್ಮೆಪಡಲು ಇದ್ದ ವಿಷಯಗಳು ಎರಡು. ಇದು ಒಂದು, ನಾನು ಇನ್ನೊಂದು.

ನಾನು ಹೇಗೆ ಹೆಮ್ಮೆಯಾದೆ ಎಂಬುದನ್ನೂ ಹೇಳಬೇಕು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅಕ್ಕ ಐದನೇ ತರಗತಿಗೆ ಶಾಲೆ ಬಿಟ್ಟಳು. ಬಿಡು ಎಂದು ಅವಳಿಗೆ ಯಾರೂ ಹೇಳಿದ್ದಲ್ಲವಂತೆ, ಒಂದು ಸೋಮವಾರ ಅವಳು ಹೋಗಲಿಲ್ಲ, ಅಷ್ಟೆ. ಆಮೇಲೆ ಮನೆಯಲ್ಲಿ ಒಂದು ಮೊಟ್ಟೆ ಇದ್ದರೆ ಅದು ನನ್ನ ಬಟ್ಟಲಿಗೆ, ಒಂದು ಹೊಸ ಲಂಗ ಬಂದರೆ ಅದು ನನ್ನ ಮೈಗೆ. ನಾನು ಅದನ್ನು ಗಾಳಿ ಬೆಳಕಿನ ಹಾಗೆ ತೆಗೆದುಕೊಂಡೆ, ಕೇಳಲೂ ಇಲ್ಲ, ನೋಡಲೂ ಇಲ್ಲ. ಹೈಸ್ಕೂಲು ಮುಗಿಸಿ ಪುತ್ತೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಸೇರಿದಾಗಲೂ ನನ್ನ ಟ್ರಂಕನ್ನು ತುಂಬಿಸಿದವಳು ಅಕ್ಕ. ಆಗ ಅವಳಿಗೆ ಪೆರಾಬೆಗೆ ಮದುವೆಯಾಗಿ ಒಂದು ವರ್ಷವಾಗಿತ್ತು, ಟ್ರಂಕು ತುಂಬಿಸುವುದಕ್ಕೆಂದೇ ಬಸ್ಸು ಹತ್ತಿ ಬಂದಿದ್ದಳು.

ಆ ಮಳೆಗಾಲ ಅಕ್ಕನ ಮೊದಲ ಮಗು ಹುಟ್ಟಿ ಇಪ್ಪತ್ತು ದಿನಕ್ಕೆ ಹೋಯಿತು. ಹಾಲು ಸಾಲಲಿಲ್ಲ ಎಂದರು. ನಿಜವಾಗಿ ಏನಾಗಿತ್ತೋ ಯಾರಿಗೆ ಗೊತ್ತು, ಆಸ್ಪತ್ರೆ ದೂರ, ಹೊಳೆ ತುಂಬಿತ್ತು. ಆದರೆ ಹಾಲು ಸಾಲಲಿಲ್ಲ ಎಂಬ ಮಾತು ಅಕ್ಕನ ಹೆಸರಿಗೆ ಅಂಟಿಕೊಂಡಿತು. ಗಂಡನ ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಪಕ್ಕದ ಮನೆಯ ಬಾಣಂತಿಯನ್ನು ಅವಳೆದುರು ಹೊಗಳುತ್ತಿದ್ದರು, ಅದು ಸಾಕಿತ್ತು.

ಮರುವರ್ಷ ಅಕ್ಕ ಮತ್ತೆ ಬಸುರಿಯಾದಳು. ಈ ಸಲ ಅಪ್ಪ ತಾನೇ ಪೆರಾಬೆಗೆ ಹೋಗಿ, ಹೆರಿಗೆ ನಮ್ಮಲ್ಲೇ ಆಗಲಿ ಎಂದು ಅವಳನ್ನು ಕರೆದುಕೊಂಡು ಬಂದ. ಅಮ್ಮನಿಲ್ಲದ ಮನೆಯಲ್ಲಿ ಬಾಣಂತನ ಯಾರು ಮಾಡುವುದು ಎಂದರೆ, ಅಂಗಳದ ಆಚೆಯ ಮನೆಯಲ್ಲಿದ್ದ ದೊಡ್ಡಮ್ಮ ತನ್ನ ಸೊಂಟ ತಟ್ಟಿ ತೋರಿಸಿದಳು. ಅವಳು ಊರಿನ ಅರ್ಧ ಬಾಣಂತಿಯರಿಗೆ ನೀರು ಹೊಯ್ದವಳು. ಬೆಳ್ಳುಳ್ಳಿ, ಓಮ, ಕರಿಮೆಣಸು, ತುಪ್ಪ ಹಾಕಿ ಅವಳು ಕಾಯಿಸುವ ಲೇಹ್ಯಕ್ಕೆ ಹೆಸರಿತ್ತು. ಅದಕ್ಕೆ ಬೈನೆಯ ಬೆಲ್ಲವೇ ಆಗಬೇಕು. ಅಂಗಡಿಯ ಕಬ್ಬಿನ ಬೆಲ್ಲ ಶೀತ, ಅದರಿಂದ ಹಾಲು ಇಳಿಯುವುದಿಲ್ಲ ಎಂಬುದು ಅವಳ ಖಡಾಖಂಡಿತ ತೀರ್ಪು. ಲೇಹ್ಯದ ಜೊತೆಗೆ, ನಲವತ್ತು ದಿನವೂ ಬೆಳಿಗ್ಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲದ ಉಂಡೆ ಬಾಣಂತಿಯ ಬಾಯಿಗೆ ಬೀಳಬೇಕು.

ಏಪ್ರಿಲಿನ ಬಿಸು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ನಾನು ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದೆ.

ಆ ವರ್ಷ ಮಾರ್ಗಶಿರದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ನಮ್ಮ ಬಾವಿ ಕಲ್ಲು ಕಡಿದು ತೋಡಿದ್ದು, ಬತ್ತದು, ಆದರೆ ಕೊಡ ಮುಳುಗಲು ಹಗ್ಗವನ್ನು ಅತ್ತಿತ್ತ ಆಡಿಸಬೇಕಾಗಿತ್ತು. ಅಪ್ಪ ಇಳಿಸುತ್ತಿದ್ದ ಮೂರು ಮರಗಳಲ್ಲಿ ಎರಡನ್ನು ಬಿಟ್ಟುಬಿಟ್ಟ. ಬಚ್ಚಲುಮನೆಯಿಂದ ಹದಿನೈದು ಹೆಜ್ಜೆ ಕೆಳಗೆ, ಕಟ್ಟೆಯ ಬದಿಯಲ್ಲಿದ್ದ ಒಂದನ್ನು ಮಾತ್ರ ಇಟ್ಟುಕೊಂಡ. ಅದನ್ನೂ ದಿನಕ್ಕೆ ಎರಡು ಸಲ ಕೆತ್ತುವುದನ್ನು ನಿಲ್ಲಿಸಿ ಸಂಜೆ ಒಂದೇ ಸಲ, ಅಕ್ಕಿಕಾಳಿನಷ್ಟು ತೆಳ್ಳಗೆ ಕೆತ್ತುತ್ತಿದ್ದ. ಬೆಳಿಗ್ಗೆ ಇಳಿಸಿದರೆ ಮಡಕೆಯ ತಳದಲ್ಲಿ ಎರಡು ಕುಡ್ತೆ, ಅಂದರೆ ಎರಡು ಲೋಟದಷ್ಟು ರಸ. ಆದರೆ ಎಂಥ ರಸ! ಬೆರಳಿಗೆ ಹಚ್ಚಿದರೆ ಅಂಟುತ್ತಿತ್ತು, ಒಲೆಯ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೆ ಪಾಕ ಬರುತ್ತಿತ್ತು. ಎರಡು ಮೂರು ದಿನದ ಪಾಕ ಸೇರಿಸಿ ಗೆರಟೆಗೆ, ಅಂದರೆ ತೆಂಗಿನ ಚಿಪ್ಪಿಗೆ, ಹೊಯ್ದರೆ ಒಂದು ಅಚ್ಚು ಬೆಲ್ಲ. ನಮ್ಮ ಗೆರಟೆಗಳಲ್ಲಿ ಒಂದರ ಅಂಚು ಒಡೆದಿತ್ತು, ಹಾಗಾಗಿ ಅದರಲ್ಲಿ ಹೊಯ್ದ ಅಚ್ಚುಗಳಿಗೆಲ್ಲ ಬದಿಯಲ್ಲಿ ಒಂದು ಮೂಗು ಇರುತ್ತಿತ್ತು.

ಲೇಹ್ಯಕ್ಕೆ ಒಂದಿಷ್ಟು ಹೋದ ಮೇಲೆ ಅಟ್ಟದ ಬುಟ್ಟಿಯಲ್ಲಿ ಉಳಿದದ್ದು ಏಳು ಅಚ್ಚು. ದೊಡ್ಡಮ್ಮ ಬುಟ್ಟಿಯನ್ನು ನೋಡಿ, "ಇದು ಹದಿನೈದು ದಿನಕ್ಕೆ ಉಂಟಾ? ಬಾಣಂತಿಗೆ ಅಲ್ಲ, ಇರುವೆಗೆ ಸಾಕು" ಎಂದಳು. ಅಕ್ಕ ಮಗುವಿನ ಬಾಯಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮಗು ಸ್ವಲ್ಪ ಚೀಪಿ ಬಿಟ್ಟು ಅಳುತ್ತಿತ್ತು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿದ್ದ ಹೆದರಿಕೆಯನ್ನು ನಾನು ಮರೆತಿಲ್ಲ. ಇದೂ ಹೋದರೆ ಎಂಬ ಹೆದರಿಕೆ ಅದು.

ನಾನು ಅಪ್ಪನನ್ನು ಕೇಳಿದೆ, "ದಿನಕ್ಕೆ ಎರಡು ಸಲ ಕೆತ್ತಿದರೆ ಎಂತ?"

"ಕೆತ್ತಿದರೆ ಗೊನೆ ಮುಗಿಯುತ್ತದೆ, ರಸ ಹೆಚ್ಚಾಗುದಿಲ್ಲ. ಅದಕ್ಕೆ ಬಾಯಾರಿಕೆ ಮಗಾ. ಬಾಯಿ ಮುಚ್ಚಿ ಕೂತಿದೆ. ಈಗ ಅದನ್ನು ಎಬ್ಬಿಸ್ಲಿಕ್ಕೆ ಆಗುದಿಲ್ಲ."

"ನೀರು ಹಾಕಿದರೆ?"

ಅಪ್ಪ ನಕ್ಕುಬಿಟ್ಟ. "ಬೈನೆಗಾ? ನಿನ್ನ ಕಾಲೇಜಿನಲ್ಲಿ ಹಾಕ್ತಾರಾ?"

ಆ ನಗು ನನಗೆ ಚುರುಕ್ ಎಂದಿತು. ನನಗೆ ಆಗ ಹದಿನೇಳು, ಮೂಗಿನ ತುದಿಯಲ್ಲಿ ಕೋಪ. ಕಾಲೇಜಿನಲ್ಲಿ ನಮಗೆ ಇದೇ ಪಾಠವಾಗಿತ್ತು. ಅಧ್ಯಾಪಕರು ಹಿತ್ತಲಿನ ಪೇರಳೆ ಮರದ ಒಂದು ಕೊಂಬೆಯಲ್ಲಿ ತೊಗಟೆಯನ್ನು ಬಳೆಯಷ್ಟು ಅಗಲಕ್ಕೆ ಸುತ್ತಲೂ ಸುಲಿದು ಬಿಟ್ಟಿದ್ದರು. ಕೆಲವು ವಾರ ಕಳೆದು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದರು. ಸುಲಿದ ಜಾಗದ ಮೇಲಿನ ಅಂಚು ದಪ್ಪಗೆ ಊದಿಕೊಂಡಿತ್ತು. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆ ನೀರಿನಲ್ಲಿ ಕರಗಿ ತೊಗಟೆಯ ಒಳಪದರದಲ್ಲಿ ಹರಿಯುತ್ತದೆ, ದಾರಿ ಕಡಿದದ್ದರಿಂದ ಇಲ್ಲಿ ನಿಂತಿದೆ ಎಂದರು. ನಾನು ಆ ಊದಿದ ಜಾಗವನ್ನು ಮುಟ್ಟಿ ನೋಡಿದ್ದೆ. ಅಪ್ಪ ಇಡೀ ಜೀವಮಾನ ಇಳಿಸಿದ್ದು ಇದನ್ನೇ ಅಲ್ಲವೇ ಎಂದು ಮೈ ಜುಮ್ಮೆಂದಿತ್ತು, ಹೇಳಲು ನಾಚಿಕೆಯಾಗಿತ್ತು.

ಈಗ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಸಕ್ಕರೆ ಹರಿಯುವುದು ನೀರಿನಲ್ಲಿ. ನೀರಿಲ್ಲ, ಅದಕ್ಕೆ ಹರಿಯುತ್ತಿಲ್ಲ. ನೀರು ಕೊಟ್ಟರೆ ಹರಿಯುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ನೀರು ಎಲ್ಲಿಂದ ಎಂದರೆ ಅದೂ ಕಣ್ಣೆದುರೇ ಇತ್ತು. ಮನುಷ್ಯರು ಕುಡಿಯುವ ನೀರಿಗೆ ಕೈ ಬಿಗಿ ಹಿಡಿದರೂ ಬಾಣಂತಿಯ ಸ್ನಾನಕ್ಕೆ ನಮ್ಮಲ್ಲಿ ಯಾರೂ ಲೋಭ ಮಾಡುವುದಿಲ್ಲ. ನೆಕ್ಕಿ ಗಿಡದ ಸೊಪ್ಪು ಹಾಕಿ ಕುದಿಸಿದ ಒಂದು ಹಂಡೆ ನೀರನ್ನು ದೊಡ್ಡಮ್ಮ ಚೆಂಬು ಚೆಂಬಾಗಿ ಅಕ್ಕನ ಬೆನ್ನಿಗೆ, ಸೊಂಟಕ್ಕೆ ಬೀಸಿ ಹೊಡೆಯುತ್ತಿದ್ದಳು. ಆ ನೀರೆಲ್ಲ ಬಚ್ಚಲ ಕಣಿಯಲ್ಲಿ ಹರಿದು ಹಿಂದಿನ ಕೆಸುವಿನ ಹಿಂಡಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ, ಅಪ್ಪ ಮಲಗಿದ್ದಾಗ, ನಾನು ಗುದ್ದಲಿ ಹಿಡಿದು ಆ ಕಣಿಗೆ ಅಡ್ಡ ಮಣ್ಣು ಹಾಕಿ, ಬೈನೆಯ ಬುಡದವರೆಗೆ ಹೊಸ ಕಣಿ ಕಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕಣಿಯ ಮೇಲೆ ತರಗೆಲೆ ಹರಡಿದೆ. ಮರುದಿನ ಬೆಳಿಗ್ಗೆ ಸೊಪ್ಪಿನ ವಾಸನೆಯ ಆ ನೀರು ಎಲೆಗಳ ಅಡಿಯಲ್ಲಿ ಗುಳುಗುಳು ಹೋಗುವುದನ್ನು ಕೇಳಿ ನಾನು ಹಿಗ್ಗಿದೆ.

ಒಂದು ವಾರ ಏನೂ ಇಲ್ಲ. ಆಮೇಲೆ ಮಡಕೆ ತೂಗತೊಡಗಿತು. ಎರಡು ಕುಡ್ತೆ ನಾಲ್ಕಾಯಿತು, ನಾಲ್ಕು ಆರಾಯಿತು. ಅಪ್ಪ ಕತ್ತಿಯ ತುದಿಯಿಂದ ಒಂದು ಹನಿಯನ್ನು ನಾಲಿಗೆಗೆ ಹಾಕಿ ಹುಬ್ಬು ಗಂಟಿಕ್ಕಿದ. "ತೆಳು ಉಂಟು" ಎಂದ. ಆಕಾಶ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಅಪ್ಪನಿಗೆ ಇದಕ್ಕೆ ಗೊತ್ತಿದ್ದ ಕಾರಣ ಒಂದೇ: ಮಳೆ ಹತ್ತಿರ ಬಂದಾಗ ರಸ ತೆಳುವಾಗುತ್ತದೆ, ನಮಗಿಂತ ಮೊದಲು ಅದು ಮರಕ್ಕೆ ತಿಳಿಯುತ್ತದೆ. ಸಂಜೆ ಅಂಗಡಿ ಕಟ್ಟೆಯಲ್ಲಿ ಅದನ್ನು ಹೇಳಿಯೂ ಬಂದ. ಅಪ್ಪನ ಮಾತಿಗೆ ಊರಿನಲ್ಲಿ ಬೆಲೆ ಇತ್ತು. ಮರುದಿನ ನೋಡಿದರೆ ಎರಡು ಮೂರು ಮನೆಯವರು ಸೌದೆಯನ್ನು ಒಳಗೆ ಒಟ್ಟುತ್ತಿದ್ದರು, ಒಬ್ಬರು ಮಾಡಿಗೆ ಮುಳಿಹುಲ್ಲು ಹೊದೆಸುತ್ತಿದ್ದರು. ನನಗೆ ಒಳಗೊಳಗೇ ನಗು. ಈ ಊರಿಗೆ ಮಳೆ ತರುತ್ತಿರುವುದು ನಾನು, ಅದೂ ಬಚ್ಚಲಿನಿಂದ!

ನಗುತ್ತಿದ್ದವಳು ಒಂದನ್ನು ಗಮನಿಸಲಿಲ್ಲ. ರಸ ಮೂರು ಪಟ್ಟಾದರೂ ಅಚ್ಚುಗಳು ಹೆಚ್ಚಾಗಲಿಲ್ಲ. ಒಲೆಯ ಮೇಲೆ ಹೆಚ್ಚು ಹೊತ್ತು ಕುದಿಯುತ್ತಿತ್ತು, ಸೌದೆ ಹೆಚ್ಚು ಉರಿಯುತ್ತಿತ್ತು, ಕೊನೆಗೆ ಉಳಿಯುವ ಪಾಕ ಮೊದಲಿನಷ್ಟೇ. ನಾನು ಮಡಕೆಯನ್ನು ನೋಡಿ ಖುಷಿಪಟ್ಟೆ, ಬಾಣಲೆಯನ್ನು ನೋಡಲಿಲ್ಲ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಬಾಣಂತಿ ತಿನ್ನುವ ಬೆಲ್ಲ, ಗಂಟಲು ಕೆರೆಯಬಾರದು ಎಂದು ಅಪ್ಪ ಆ ಬೇಸಿಗೆ ಸುಣ್ಣವನ್ನು ಎಂದಿಗಿಂತ ಕಡಿಮೆ ಬಳಿಯುತ್ತಿದ್ದ. ಕರಾವಳಿಯಿಂದ ಚಿಪ್ಪಿನ ಸುಣ್ಣ ಹೊತ್ತು ತರುತ್ತಿದ್ದ ವಯಸ್ಸಾದ ಬ್ಯಾರಿ ಒಬ್ಬರಿದ್ದರು, ನಾವು ಅವರನ್ನು ಸುಣ್ಣದ ಕಾಕ ಎಂದೇ ಕರೆಯುತ್ತಿದ್ದೆವು. ಅವರು ಹಿಂದಿನ ಸಲ ಬಂದಾಗ, "ಎಂತ ಮಾರಾಯ್ರೆ, ಈ ಸಲ ಇಷ್ಟೇ ಸಾಕಾ?" ಎಂದು ಕೇಳಿದ್ದರು. ಅಪ್ಪ, "ಮಗಳಿಗೆ ಅಲ್ವಾ ಕಾಕ, ಮೆಲ್ಲ ಹಾಕುದು" ಎಂದಿದ್ದ. ರಸ ಹೆಚ್ಚಾದ ಮೇಲೆ ಸುಣ್ಣವನ್ನೂ ಸ್ವಲ್ಪ ಏರಿಸಿದನಂತೆ. ಆದರೆ ಮಳೆಯಿಲ್ಲದ ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ಬರಲಾರದು ಎಂಬುದು ಅವನ ಬೆರಳಿನ ಅಂದಾಜು. ಆ ಬೆರಳು ತಪ್ಪಿದ್ದಲ್ಲ. ಅದಕ್ಕೆ ಸುಳ್ಳು ಹೇಳಿದವಳು ನಾನು.

ಆ ಬೆಳಿಗ್ಗೆ ಅಪ್ಪ ಏಣಿಯಿಂದ ಇಳಿದಾಗ ಅವನ ಭುಜ ಒದ್ದೆಯಾಗಿತ್ತು. ಮಡಕೆ ತುಂಬಿ, ನೊರೆ ಉಕ್ಕಿ, ಹೊರಮೈಯಲ್ಲಿ ಇಳಿದಿತ್ತು. ಅದರ ಸುತ್ತ ನೊಣ. ವಾಸನೆ ಅಂಗಳದವರೆಗೆ ಬಂತು. ಆ ವಾಸನೆಯನ್ನು ನಾನು ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಕಂಡಿರಲಿಲ್ಲ, ಆದರೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಮಡಕೆಯನ್ನು ನೆಲಕ್ಕಿಟ್ಟು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವನ ಮುಖ ಬಿಳುಚಿಕೊಂಡಿತ್ತು. ಇದು ಅಬಕಾರಿಯವರಿಗೆ ತಿಳಿದರೆ ಪರವಾನಗಿ ಹೋಗುತ್ತದೆ, ಪರವಾನಗಿ ಹೋದರೆ ನಮಗೆ ಬೇರೆ ದಾರಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅಷ್ಟು ವರ್ಷ ಆಗದ್ದು ಆಗಿಹೋಗಿತ್ತು.

ದೊಡ್ಡಮ್ಮ ಒಂದು ಬಾಲ್ದಿ ಸೆಗಣಿ ನೀರು ತಂದು ಅಂಗಳಕ್ಕೆಲ್ಲ ಎರಚಿದಳು, ಅದು ಸಾಲದೆಂದು ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು ಹೊಗೆ ಹಾಕಿದಳು. ಅಷ್ಟರಲ್ಲಿ ಏರು ಹತ್ತಿ ಬರುತ್ತಿರುವ ಹೆಜ್ಜೆಯ ಸದ್ದು ಕೇಳಿಸಿತು. ನಮ್ಮ ಜೀವ ಬಾಯಿಗೆ ಬಂತು. ಬಂದವರು ಸುಣ್ಣದ ಕಾಕ. ಬುಟ್ಟಿ ಇಳಿಸಿ, ಸುತ್ತ ನೋಡಿ, ಹೆಗಲ ಮೇಲಿನ ಬೈರಾಸಿನಿಂದ ಮೂಗು ಒರೆಸಿಕೊಂಡರು.

"ಎರಡು ದಿನ ಆಯ್ತು ಮಾರಾಯ್ರೆ, ನನಗೆ ಶೀತ. ಮೂಗಿಗೆ ಎಂತದೂ ವಾಸನೆ ಬರುದಿಲ್ಲ" ಎಂದರು, ಯಾರೂ ಕೇಳದೆಯೇ. ಎಂದಿಗಿಂತ ಎರಡು ಹಿಡಿ ಹೆಚ್ಚು ಸುಣ್ಣ ಅಳೆದುಕೊಟ್ಟು, ನೀರೂ ಕುಡಿಯದೆ ಹೋದರು.

ಅಪ್ಪ ಮಡಕೆಯನ್ನು ಮರದ ಬುಡಕ್ಕೆ ಸುರಿಯಲು ಹೋದ. ಅಲ್ಲಿ ಅವನ ಕಾಲು ಕೆಸರಿನಲ್ಲಿ ಹೂತಿತು. ಊರೆಲ್ಲ ಬಿರುಕು ಬಿಟ್ಟ ಮಣ್ಣು, ಇಲ್ಲಿ ಮಾತ್ರ ಕೆಸರು! ಅವನು ಬಗ್ಗಿ ತರಗೆಲೆ ಸರಿಸಿದ. ಕಣಿಯನ್ನು ಹಿಡಿದು ಒಂದೊಂದೇ ಹೆಜ್ಜೆ ಮೇಲೆ ಬಂದ, ಬಚ್ಚಲಿನ ಬಾಯಿಯವರೆಗೆ. ನಾನು ಅಲ್ಲೇ ನಿಂತಿದ್ದೆ.

"ನಾನೇ" ಎಂದೆ. ಮತ್ತೆ, ಅದೇ ದೊಡ್ಡ ತಪ್ಪು, ಪೇರಳೆ ಮರದ ಪಾಠವನ್ನು ಪೂರ್ತಿ ಹೇಳತೊಡಗಿದೆ. ಎಲೆ, ಸಕ್ಕರೆ, ತೊಗಟೆ, ನೀರು. ಅಪ್ಪ ತಡೆಯದೆ ಕೊನೆಯವರೆಗೂ ಕೇಳಿದ.

"ಬೈನೆಗೆ ತೊಗಟೆ ಎಲ್ಲಿ ಉಂಟು ಮಗಾ?" ಎಂದ.

ನಿಜ, ಬೈನೆಗೆ ಸುಲಿಯುವಂಥ ತೊಗಟೆಯೇ ಇಲ್ಲ. ಪಾಠದ ಪೇರಳೆ ಬೇರೆ, ನಮ್ಮ ಬೈನೆ ಬೇರೆ.

"ಅದು ಹತ್ತು ಹದಿನೈದು ವರ್ಷ ಹೊಟ್ಟೆಯಲ್ಲಿ ಹಿಟ್ಟು ತುಂಬಿಸಿ ಇಟ್ಟದ್ದು. ಹಸಿವಿನ ಕಾಲದಲ್ಲಿ ಮರ ಕಡಿದು ಆ ಹಿಟ್ಟನ್ನೇ ನಾವು ತಿಂದದ್ದುಂಟು. ಆ ಹಿಟ್ಟು ಕರಗಿ ಬೆಲ್ಲ ಆಗುದು. ನೀರು ಹಾಕಿದ ಕೂಡಲೇ ಹಿಟ್ಟು ಹೆಚ್ಚಾಗುತ್ತದಾ? ಗಂಜಿಗೆ ನೀರು ಹಾಕಿದರೆ ಅನ್ನ ಹೆಚ್ಚಾಗುತ್ತದಾ?" ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. "ಬೇಸಿಗೆ ಉಂಟು ಅಂತ ಅದು ಕೈ ಹಿಡಿದು ಖರ್ಚು ಮಾಡ್ತಿತ್ತು. ನೀನು ಅದಕ್ಕೆ ಬೇಸಿಗೆ ಮರೆಸಿದೆ" ಎಂದ.

ಮೂರು ದಿನ ಅಪ್ಪ ಹೆಣಗಿದ. ಕಣಿ ಮುಚ್ಚಿದ, ಸುಣ್ಣ ಹೆಚ್ಚಿಸಿದ, ಮಡಕೆ ಬದಲಿಸಿದ. ಕೆತ್ತಿದ ಮುಖಕ್ಕೇ ಹುಳಿ ಹತ್ತಿತ್ತು. ಬೆಳಿಗ್ಗೆ ಒಲೆಯ ಮೇಲಿಟ್ಟ ರಸ ಸಂಜೆಯವರೆಗೆ ಕುದಿದರೂ ಬೆಲ್ಲ ಕಟ್ಟಲಿಲ್ಲ, ಕಪ್ಪಗೆ, ಕಹಿಯಾಗಿ, ಎಳೆ ಎಳೆಯಾಗಿ ಸೌಟಿಗೆ ನೇತಾಡಿತು. ನಾಲ್ಕನೆಯ ದಿನ ಅಪ್ಪ ಮರ ಹತ್ತಿ ಇಡೀ ಗೊನೆಯನ್ನು ಕಡಿದು ಕೆಳಗೆ ಹಾಕಿದ. ಮಳೆ ಬಂದು ಹೊಸ ಗೊನೆ ಬಿಡುವವರೆಗೆ ಇನ್ನು ಬೆಲ್ಲವಿಲ್ಲ. ಅಂಗಡಿ ಕಟ್ಟೆಯಲ್ಲಿ, ಮಳೆ ಎಲ್ಲಿ ಎಂದು ಕೇಳಿದವರಿಗೆ, "ನನಗೆ ವಯಸ್ಸಾಯ್ತು, ನಾಲಿಗೆ ಹೋಯ್ತು" ಎಂದನಂತೆ. ನನ್ನ ಹೆಸರು ಹೇಳಲಿಲ್ಲ. ಅದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಪ್ಪ ಇಲ್ಲದಾದ ಮೇಲೆ.

ಮುಂದೆ ನಾನು ಮೂವತ್ತು ವರ್ಷ ಇದನ್ನೇ ಪಾಠ ಮಾಡಿದೆ. ಬಾಯಾರಿದ ಗಿಡ ಎಲೆಯ ಸಣ್ಣ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಸಕ್ಕರೆ ಮಾಡುವುದೂ ಕಡಿಮೆಯಾಗುತ್ತದೆ. ಇರುವ ಸಕ್ಕರೆ ದಪ್ಪ ರಸವಾಗಿ ನಿಧಾನಕ್ಕೆ ಹರಿಯುತ್ತದೆ. ಒಂದಿಷ್ಟು ಸಕ್ಕರೆಯನ್ನು ಜೀವಕೋಶಗಳು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ, ಅದು ನೀರನ್ನು ಬಿಡದೆ ಹಿಡಿಯುತ್ತದೆ. ಇನ್ನೊಂದಿಷ್ಟು ಬೇರಿಗೆ ಹೋಗುತ್ತದೆ, ಆಳದಲ್ಲಿ ನೀರು ಹುಡುಕುವುದು ಬೇರೇ ಅಲ್ಲವೇ. ಹಳೆಯ ಎಲೆಗಳಲ್ಲಿದ್ದುದನ್ನು ಗಿಡ ಎಳೆದುಕೊಂಡು ಬೇಕಾದ ಕಡೆಗೆ ಕೊಡುತ್ತದೆ, ಆ ಎಲೆಗಳು ಹಳದಿಯಾಗಿ ಬೀಳುತ್ತವೆ. ಬರಗಾಲದಲ್ಲಿ ಗಿಡ ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ಯಾರಿಗೆ ಕೊಡಬೇಕು, ಯಾರದನ್ನು ತೆಗೆಯಬೇಕು ಎಂದು ಅದು ನಿಶ್ಚಯ ಮಾಡುತ್ತದೆ. ಇಷ್ಟನ್ನು ಕಪ್ಪುಹಲಗೆಯಲ್ಲಿ ಬರೆದು ನಾನು ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಹಳೆಯ ಎಲೆ ಎಂದು ಬರೆಯುವಾಗೆಲ್ಲ ನನಗೆ ಹನ್ನೊಂದು ವರ್ಷದ ಒಬ್ಬಳು ಹುಡುಗಿ, ಶಾಲೆಗೆ ಹೋಗದ ಒಂದು ಸೋಮವಾರ ನೆನಪಾಗುತ್ತಿತ್ತು. ಮಕ್ಕಳಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಹಾಲು ಬಂತು. ಬೆಲ್ಲದಿಂದಲೋ, ಬೆಲ್ಲವಿಲ್ಲದೆಯೋ, ಎರಡನೆಯ ವಾರಕ್ಕೆ ಮಗು ಕುಡಿದು ತೇಗತೊಡಗಿತು. ನಲವತ್ತು ತುಂಬುವಾಗ ಅದರ ಕೈಕಾಲುಗಳಲ್ಲಿ ಮಡಿಕೆ ಬಿದ್ದಿತ್ತು. ಅಕ್ಕ ಮಾತ್ರ ಕಡ್ಡಿಯಾಗಿದ್ದಳು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ದೊಡ್ಡಮ್ಮ ದಿನವೂ, "ಬೆಲ್ಲ ತಿಂದೆಯಾ?" ಎಂದು ಕೇಳುತ್ತಿದ್ದಳು. ಅಕ್ಕ, "ತಿಂದೆ ದೊಡ್ಡಮ್ಮ" ಎನ್ನುತ್ತಿದ್ದಳು. ಮೇ ತಿಂಗಳ ಕೊನೆಗೆ ಭಾವ ಬಂದು ಅಕ್ಕನನ್ನೂ ಮಗುವನ್ನೂ ಪೆರಾಬೆಗೆ ಕರೆದುಕೊಂಡು ಹೋದ. ಹೋಗುವ ಮೊದಲು ಅಕ್ಕ ನನ್ನ ಟ್ರಂಕು ತುಂಬಿಸಿ ಬೀಗ ಹಾಕಿ, ಕೀಲಿಯನ್ನು ನನ್ನ ಕೈಯಲ್ಲಿಟ್ಟಳು.

ಜೂನಿನಲ್ಲಿ ಪುತ್ತೂರಿಗೆ ಮರಳಿ, ಅತ್ತೆಯ ಮನೆಯ ಜಗಲಿಯಲ್ಲಿ ಟ್ರಂಕು ಬಿಚ್ಚಿದೆ. ಸೀರೆಗಳ ಅಡಿಯಲ್ಲಿ, ಒಣಗಿದ ಬಾಳೆ ಎಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿದ ಒಂದು ಪೊಟ್ಟಣ ಇತ್ತು. ಬಿಚ್ಚಿದರೆ ಎರಡು ಅಚ್ಚು ಬೈನೆ ಬೆಲ್ಲ. ಒಂದರ ಬದಿಯಲ್ಲಿ ಮೂಗು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದದ್ದಿಲ್ಲ. ಅವಳಿಗೆ, ಅವಳ ಮಗುವಿಗೆ ಎಂದು ನಾನು ಕೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡದ್ದು, ಅಪ್ಪ ಊರಿನಲ್ಲಿ ತಲೆ ತಗ್ಗಿಸಿದ್ದು, ಇದಕ್ಕಾಗಿಯೇ? ಎಷ್ಟು ಬಳಸಿ ಹರಿದರೂ ಎಲ್ಲವೂ ಕೊನೆಗೆ ನನ್ನ ಬಟ್ಟಲಿಗೇ ಬಂದು ಬೀಳಬೇಕೇ? ಶನಿವಾರ ಕಾಲೇಜು ಬಿಟ್ಟ ಕೂಡಲೇ ಕಡಬದ ಬಸ್ಸು ಹತ್ತಿದೆ. ಪೆರಾಬೆಯಲ್ಲಿ ಇಳಿದು ಗದ್ದೆಯ ಬದುವಿನಲ್ಲಿ, ಜಿಟಿಜಿಟಿ ಮಳೆಯಲ್ಲಿ, ಪೊಟ್ಟಣವನ್ನು ಸೆರಗಿನೊಳಗೆ ಹಿಡಿದುಕೊಂಡು ನಡೆದೆ.

ಅಕ್ಕ ಅಡುಗೆಮನೆಯಲ್ಲಿ ಕಡೆಯುವ ಕಲ್ಲಿನ ಮುಂದೆ ಇದ್ದಳು. ನನ್ನನ್ನು ನೋಡಿ ಎದ್ದಳು. ನಾನು ಪೊಟ್ಟಣವನ್ನು ಅವಳ ಮುಂದೆ ನೆಲಕ್ಕೆ ಇಟ್ಟೆ.

"ತಿನ್ನು. ನನ್ನ ಎದುರಿನಲ್ಲಿ ತಿನ್ನು."

"ಒದ್ದೆಯಾಗಿದ್ದಿ ಮಾರಾಯ್ತಿ, ಮೊದಲು ತಲೆ ಒರೆಸು."

"ತಿನ್ನು ಅಂದೆ!"

ಅಕ್ಕ ಕೂತಳು. ಪೊಟ್ಟಣವನ್ನು ಮುಟ್ಟಲಿಲ್ಲ. "ನಿನಗೆ ಓದ್ಲಿಕ್ಕೆ ಉಂಟಲ್ಲ. ಅಲ್ಲಿ ಅತ್ತೆ ಎಷ್ಟು ಕೊಡ್ತಾರೋ ಎಂತದೋ" ಎಂದಳು. ಆಮೇಲೆ ತಲೆ ತಗ್ಗಿಸಿ, "ಮತ್ತೆ, ತಪ್ಪು ನನ್ನದೂ ಉಂಟು. ನೀನು ಕಣಿ ಕಡಿಯುದನ್ನು ನಾನು ಒಳಗಿನಿಂದ ನೋಡಿದ್ದೆ" ಎಂದಳು.

"ನೋಡಿದ್ದೆಯಾ? ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳುದು ಎಂತಕ್ಕೆ? ದೊಡ್ಡಮ್ಮ ಆಚೆ ಹೋದ ಮೇಲೆ ನಾನೂ ದಿನಾ ಐದಾರು ಚೆಂಬು ಹೆಚ್ಚಿಗೆ ಹೊಯ್ತಿದ್ದೆ, ಕಣಿಗೆ. ಕೊನೆಗೆ ಎರಡು ಕೊಡದಷ್ಟು." ಅವಳು ನನ್ನನ್ನು ನೋಡಿದಳು. "ನೀನು ಕಲಿತವಳು. ನಿನಗೆ ಗೊತ್ತುಂಟು ಅಂತ."

ನಾನು ಅವಳ ಎದುರಿನಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಪ್ಪ ನಕ್ಕಿದ್ದ, ಅಧ್ಯಾಪಕರು ಇದನ್ನು ಕೇಳಿದ್ದರೆ ಅವರೂ ನಗುತ್ತಿದ್ದರು. ಐದನೆಯ ತರಗತಿಗೆ ಶಾಲೆ ಬಿಟ್ಟವಳು ಮಾತ್ರ ನನ್ನ ವಿದ್ಯೆಯನ್ನು ಒಂದು ಪ್ರಶ್ನೆಯೂ ಇಲ್ಲದೆ ನಂಬಿ, ಹಸಿ ಬಾಣಂತಿಯ ಮೈಯಲ್ಲಿ ಕೊಡ ಎತ್ತಿದ್ದಳು.

ಜೋಲಿಯಲ್ಲಿ ಮಗು ಎದ್ದು ಅತ್ತಿತು. ಅಕ್ಕ ಅದನ್ನು ಎತ್ತಿ ಎದೆಗೆ ಹಾಕಿಕೊಂಡಳು. ಅವಳ ಒಂದು ಕೈ ಮಗುವಿನ ತಲೆಯ ಕೆಳಗೆ, ಇನ್ನೊಂದು ಕೈ ಅದರ ಬೆನ್ನಿಗೆ. ನಾನು ಮೂಗಿದ್ದ ಅಚ್ಚನ್ನು ಕಡೆಯುವ ಕಲ್ಲಿಗೆ ಕುಟ್ಟಿ ಒಡೆದೆ. ನಿಂಬೆಯಷ್ಟು ದೊಡ್ಡ ತುಂಡನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ತಲೆ ಅತ್ತ ತಿರುಗಿಸಿ, "ನೀನು ಮೊದಲು" ಎಂದಳು.

"ನಿನ್ನ ಕೈ ಎರಡೂ ಖಾಲಿ ಇಲ್ಲ. ನನಗೆ ಕೊಡ್ಲಿಕ್ಕೆ ನಿನಗೆ ಆಗುದಿಲ್ಲ" ಎಂದೆ.

ಅಕ್ಕ ನಕ್ಕಳು. ನಗಲು ಬಾಯಿ ತೆರೆದಾಗ ನಾನು ತುಂಡನ್ನು ಒಳಗೆ ಹಾಕಿಬಿಟ್ಟೆ. ಅವಳು ಕಣ್ಣು ಮುಚ್ಚಿ ಅದನ್ನು ಮೆಲ್ಲಗೆ ಚೀಪಿದಳು, ಮಗು ಅವಳನ್ನು ಚೀಪಿತು. ನಾನು ಎರಡನೆಯ ತುಂಡು ಹಿಡಿದು ಕಾದೆ. ಹುಟ್ಟಿದಂದಿನಿಂದ ನಾನು ಕೊಟ್ಟದ್ದನ್ನು ಅಕ್ಕ ತಿಂದದ್ದು ಅದೇ ಮೊದಲು. ಎರಡೂ ಅಚ್ಚು ಮುಗಿಯುವವರೆಗೆ ಪ್ರತಿ ಶನಿವಾರ ನಾನು ಪೆರಾಬೆಗೆ ಹೋದೆ.